ಊಟದ ಸಮಯ, ಆಮೇಲೆ ಬನ್ನಿ

ಕರಡಿ ಎದುರಾದರೆ ಏನೇನು ಮಾಡಬಾರದು ಎಂಬುದನ್ನು ನಮ್ಮ ಜೊತೆಗಿದ್ದ ಸೋಲಿಗ ಯಜಮಾನರು ಬೆಳಿಗ್ಗೆಯೇ ಹೇಳಿದ್ದರು. ಓಡಬಾರದು, ಅದು ನಮಗಿಂತ ಜೋರಾಗಿ ಓಡುತ್ತದೆ. ಮರ ಹತ್ತಬಾರದು, ಜೇನಿಗಾಗಿ ಮರ ಹತ್ತುವುದೇ ಅದರ ಕಸುಬು. ಕೂಗಬಾರದು. ಮಾತಾಡಬಾರದು ಎಂದು ಮಾತ್ರ ಹೇಳಿರಲಿಲ್ಲ. ಕರಡಿಯೊಂದಿಗೆ ಮಾತಿಗಿಳಿಯುವ ಪ್ರಾಣಿ ಮೈಸೂರಿನಿಂದ ಬಂದೀತೆಂದು ಅವರಿಗಾದರೂ ಹೇಗೆ ಹೊಳೆಯಬೇಕು?

ಇದು 2012ರ ಮಾರ್ಚಿನ ಮಾತು. ನಾನು ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಹೆಂಡತಿಯ ತಮ್ಮ ಹೊಸ ಕ್ಯಾಮೆರಾ ಕೊಂಡಿದ್ದ. ಇವೆರಡೂ ಒಂದೇ ಮನೆಯಲ್ಲಿ ಕೂಡಿದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗದೆ ಗತಿಯಿಲ್ಲ. ಬೆಳಿಗ್ಗೆ ದೇವಸ್ಥಾನದಲ್ಲಿ ರಂಗಪ್ಪನ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಂಡದ್ದಾಯಿತು. ಮೊಳದುದ್ದದ ಚರ್ಮದ ಚಪ್ಪಲಿ. ಅದನ್ನು ಮೆಟ್ಟಿ ರಾತ್ರಿಯೆಲ್ಲ ಕಾಡು ಸುತ್ತಿ ಸ್ವಾಮಿ ಸವೆಸುತ್ತಾನೆ, ಭಕ್ತರು ಹೊಸದು ಹೊಲಿಸಿ ತರುತ್ತಾರೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದದ್ದರಿಂದ ರಂಗಪ್ಪ ಈ ಕಾಡಿಗೆಲ್ಲ ಭಾವ. ಅವನಿಗೆ ಸಿಕ್ಕ ಭಾವಮೈದುನರು ಜೇನು ತಂದುಕೊಡುವವರು. ನನಗೆ ಸಿಕ್ಕವನು, "ಭಾವ, ಸ್ವಲ್ಪ ಎಡಕ್ಕೆ, ಬೆಟ್ಟ ಮುಚ್ಚಿಹೋಗ್ತಿದೆ" ಅನ್ನುವವನು.

ದೊಡ್ಡ ಸಂಪಿಗೆ ನೋಡಿದೆವು. ಮರ ದೊಡ್ಡದಾಗಿಯೇ ಇತ್ತು. ಕೈಮುಗಿದೆವು. ಹಿಂದಿರುಗುವ ದಾರಿಯಲ್ಲಿ ಎರಡೂ ಕಡೆ ಲಂಟಾನ ಆಳೆತ್ತರಕ್ಕೆ ಬೆಳೆದು, ಮೂರು ಮಾರಾಚೆ ಆನೆ ನಿಂತಿದ್ದರೂ ಕಾಣದ ಹಾಗಿತ್ತು. ಮೊದಲೆಲ್ಲ ಬೇಸಿಗೆಗೆ ಮುಂಚೆಯೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರಂತೆ, ತರಗು ಬೆಂಕಿ. ಅದು ನಿಂತ ಮೇಲೆ ಈ ಕಳೆಗೆ ಕಾಡೇ ಬಿಟ್ಟಿ ಸಿಕ್ಕಿತು ಎಂದು ಯಜಮಾನರು ವಿವರಿಸುತ್ತಿದ್ದರು. ಅಷ್ಟರಲ್ಲಿ ನನ್ನ ಹವಾಯಿ ಚಪ್ಪಲಿಯ ಬಾರು ಕಿತ್ತುಬಂತು. ಕಾಡಿಗೆ ಹವಾಯಿ ಚಪ್ಪಲಿಯೇ ಎಂದು ಕೇಳಬೇಡಿ. ಹೆಂಡತಿ ಕೇಳಿಯಾಗಿದೆ, ಈಗಲೂ ಕೇಳುತ್ತಾಳೆ. ಮಿಕ್ಕವರು ತಿರುವಿನಾಚೆ ಹೋದರು. ನಾನು ಬಗ್ಗಿ ಬಾರು ತೂರಿಸುತ್ತ ಉಳಿದೆ.

ಆಗ ಕೇಳಿಸಿತು, ಸೊರ್... ಸೊರ್ರ್...

ಮದುವೆ ಮನೆಯ ಕೊನೆಯ ಪಂಕ್ತಿಯಲ್ಲಿ ಯಾರೋ ಎಲೆಯ ಮೇಲಿನ ಪಾಯಸವನ್ನು ಅಂಗೈಯಲ್ಲಿ ಬಳಿದು ಎಳೆದುಕೊಳ್ಳುವ ಸದ್ದು. ಭಾವಮೈದುನ ಬುತ್ತಿಯ ಗಂಟಿಗೆ ಆಗಲೇ ಕೈ ಹಾಕಿದನೆಂದು ನನಗೆ ರೇಗಿತು. ಗದರಲೆಂದು ತಲೆ ಎತ್ತಿದೆ.

ಇಪ್ಪತ್ತಡಿ ಆಚೆ ಎದೆಮಟ್ಟದ ಒಂದು ಹುತ್ತ. ಸದ್ದು ಅದರ ಹಿಂದಿನದು. ಕರಡಿ ಹುತ್ತ ಬಗೆದು, ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಗೆದ್ದಲನ್ನು ಬಾಯಲ್ಲಿ ಹೀರುತ್ತದೆ. ಗೆದ್ದಲು ಸಲೀಸಾಗಿ ಒಳಗೆ ಹೋಗಲೆಂದೇ ಅದಕ್ಕೆ ಮೇಲಿನ ನಡುಹಲ್ಲು ಎರಡು ಇರುವುದಿಲ್ಲ. ಇದನ್ನೆಲ್ಲ ಆಮೇಲೆ ತಿಳಿದುಕೊಂಡೆ. ನನಗೂ ಆ ಎರಡು ಹಲ್ಲು ಇಲ್ಲ. ಅಂಥ ಅನುಕೂಲವೇನೂ ಕಂಡಿಲ್ಲ.

ನನ್ನ ಚಪ್ಪಲಿ ಕೈಜಾರಿ ಕಲ್ಲಿನ ಮೇಲೆ ಫಟ್ ಎಂದಿತು. ಸದ್ದು ನಿಂತಿತು. ಹುತ್ತದ ಹಿಂದಿನಿಂದ ಒಂದು ತಲೆ ಬಂತು. ಕ್ಷೌರಿಕ ಅರ್ಧಕ್ಕೇ ಬಿಟ್ಟು ಕಾಫಿಗೆ ಎದ್ದುಹೋದಂಥ ತಲೆ. ಆಮೇಲೆ ಮಣ್ಣು ಮೆತ್ತಿದ ಮೂತಿ. ಆಮೇಲೆ ಎದೆ, ಅದರ ಮೇಲೆ ಬೆಳ್ಳಗೆ ಒಂದು ನಾಮ. ರಂಗಪ್ಪನ ಕಡೆಯವನೇ ಇರಬೇಕು! ಕರಡಿಗೆ ಕಣ್ಣು ಮಂದ. ಎದ್ದು ನಿಲ್ಲುವುದು ಬಂದವರು ಯಾರೆಂದು ವಾಸನೆ ಹಿಡಿಯುವುದಕ್ಕೆ. ಗಾಬರಿಯಾದರೆ ಮಾತ್ರ ಮುಖಕ್ಕೇ ಕೈ ಹಾಕುತ್ತದೆ. ಚಿಕ್ಕಂದಿನಲ್ಲಿ ಹೆದರಿಕೆ ಹೋಗಲೆಂದು ಅಮ್ಮ ಕರಡಿ ಆಡಿಸುವವನಿಂದ ಒಂದೇ ಒಂದು ಕೂದಲು ಕೊಂಡು ತಾಯಿತ ಕಟ್ಟಿಸಿದ್ದಳು. ಇಲ್ಲಿ ಇಡೀ ಅಂಗಡಿಯೇ ಎದ್ದು ನಿಂತಿತ್ತು, ನನ್ನ ಹೆದರಿಕೆ ಎಲ್ಲಿಗೂ ಹೋಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಎಲ್ಲರಂತೆ ಮೂರ್ಛೆ ಹೋಗಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ಆದರೆ ಕರಡಿ ತನ್ನ ಎರಡೂ ಮುಂಗೈಗಳನ್ನು ಹುತ್ತದ ಮೇಲಿಟ್ಟು ನನ್ನತ್ತ ಕತ್ತು ಚಾಚಿತು.

ಇಲ್ಲಿ ನನ್ನ ವೃತ್ತಿಯ ವಿಷಯ ಹೇಳಲೇಬೇಕು. ಮೂವತ್ತನಾಲ್ಕು ವರ್ಷ, ಮೈಸೂರು, ನಂಜನಗೂಡು, ಕೊಳ್ಳೇಗಾಲ ಎಂದು, ಎದೆಮಟ್ಟದ ಕೌಂಟರಿನ ಹಿಂದೆ ಕೂತವನು ನಾನು. ಅದರ ಮೇಲೆ ಕೈಯೂರಿ ಕತ್ತು ಚಾಚಿದವರನ್ನು ದಿನಕ್ಕೆ ನೂರರಂತೆ ನೋಡಿದವನು. ಗಡಿಯಾರ ಒಂದೂ ಹತ್ತು ತೋರಿಸುತ್ತಿತ್ತು. ಮಿದುಳು ಆಗಲೇ ರಜೆ ಹಾಕಿ ಹೋಗಿತ್ತು. ಆದರೆ ನಾಲಿಗೆ ಇನ್ನೂ ಡ್ಯೂಟಿಯಲ್ಲಿತ್ತು.

"ಊಟದ ಸಮಯ," ಎಂದೆ. "ಆಮೇಲೆ ಬನ್ನಿ."

ಗಟ್ಟಿಯಾಗಿ, ಸ್ಪಷ್ಟವಾಗಿ, ಬಹುವಚನದಲ್ಲಿ. ಮುಖ ನೋಡದೆ ಹೇಳುವುದು ಪದ್ಧತಿ. ಹಾಗೇ ಪಕ್ಕದ ಲಂಟಾನ ಪೊದೆಯನ್ನು ನೋಡುತ್ತ ಹೇಳಿದೆ. ಮಾತು ಹೊರಬಿದ್ದ ಮೇಲೆ ಅದರ ಅರ್ಥ ಹೊಳೆಯಿತು. ಕಾಡಿನ ನಡುವೆ ಕರಡಿಯೆದುರು ನಿಂತು, ಯಾವ ತರಕಾರಿಯೂ ಹೇಳದ ಮಾತನ್ನು ಹೇಳಿದ್ದೆ.

ಕರಡಿ ಒಮ್ಮೆ ಉಫ್ ಎಂದಿತು. ಆ ಉಸಿರನ್ನು ನಾನು ಬಲ್ಲೆ. ಅರ್ಜಿಯನ್ನು ಮತ್ತೆ ಮಡಚಿ ಜೇಬಿಗಿಡುವಾಗ ಬರುವುದು ಅದೇ. ಕೈ ಕೆಳಗಿಳಿಸಿತು, ತಿರುಗಿತು, ದೊಗಳೆ ಚಡ್ಡಿ ಹಾಕಿದ ಹಿರಿಯರಂತೆ ಹಿಂಭಾಗ ಅಲ್ಲಾಡಿಸುತ್ತ ಪೊದೆಯೊಳಗೆ ನಡೆದುಹೋಯಿತು.

ಭಾವಮೈದುನ ತಿರುವಿನಿಂದಲೇ ಎಲ್ಲ ನೋಡಿದ್ದ. ಮೂರನೇ ತರಗತಿಯ ಕತೆ ನೆನಪಾಗಿ ಸತ್ತವನಂತೆ ಮಲಗಿಯೂ ಬಿಟ್ಟಿದ್ದ, ಇರುವೆ ಗೂಡಿನ ಮೇಲೆ. ಹೊಸ ಕ್ಯಾಮೆರಾದಲ್ಲಿ ಸಿಕ್ಕಿದ್ದು ಅವನದೇ ಹೆಬ್ಬೆರಳು. ಆದರೂ ನಾನಂದ ಮಾತನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಾನೆ. ನಾಮಕರಣ, ಗೃಹಪ್ರವೇಶ, ಯಾರದೋ ಹನ್ನೊಂದನೇ ದಿನದ ಊಟ, ಎಲ್ಲಿಯೂ ಬಿಡುವುದಿಲ್ಲ. ನಾನೂ ಬೇಡವೆಂದು ಕೈಯಾಡಿಸುತ್ತ, ಅವನು ಒಂದು ವಿವರ ಮರೆತರೆ ಜೋಡಿಸುತ್ತೇನೆ.

ಯಜಮಾನರು ಅಂದು ಮೈ ಕುಲುಕಿಸಿ ನಕ್ಕರು. ಯಾವುದೋ ನಾರು ಕಿತ್ತು ತಂದು, ನನ್ನ ಚಪ್ಪಲಿ ಕಟ್ಟಿಕೊಡುತ್ತ ಮತ್ತೆ ನಕ್ಕರು. ಆಮೇಲೆ ಗಂಟು ಬಿಗಿಯುತ್ತಲೇ ಅಂದರು: "ಕರಡಿ ಒಂದೇ ಮಾತ್ಗೆ ಹೊಂಟೋಯ್ತು ನೋಡಿ ಸ್ವಾಮಿ. ನಾವು ಎಷ್ಟು ಸಲ ಹೊಂಟೋಗಿ ಎಷ್ಟು ಸಲ ಬಂದಿದ್ದೊ."

2006ರಲ್ಲಿ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಿದ್ದಾಗಿನಿಂದ, 2011ರ ಅಕ್ಟೋಬರಿನಲ್ಲಿ ಸೋಲಿಗರ ಊರುಗಳಾದ ಪೋಡುಗಳ ಕೈಗೆ ಅರಣ್ಯದ ಹಕ್ಕುಪತ್ರ ಬರುವವರೆಗಿನ ಓಡಾಟದ ಮಾತು ಅದು. ಬಸ್ಸಿಳಿದು ಕಚೇರಿ ಮುಟ್ಟುವಷ್ಟರಲ್ಲಿ ಸರಿಯಾಗಿ ಊಟದ ಸಮಯ ಆಗಿರುತ್ತಿತ್ತಂತೆ. ದೂರಿನ ದನಿಯೇನೂ ಇರಲಿಲ್ಲ. ಮಳೆಯ ವಿಷಯ ಹೇಳುವ ಹಾಗೆ ಹೇಳಿದರು.

"ನೀವು ಕೂತಿದ್ದು ಯಾವೂರಲ್ಲಿ ಸ್ವಾಮಿ?"

"ಮೈಸೂರಲ್ಲಿ," ಎಂದೆ. ಕೊಳ್ಳೇಗಾಲದ ಆರು ವರ್ಷ ಆ ಹೊತ್ತಿಗೆ ನನ್ನ ನಾಲಿಗೆಗೆ ಬರಲಿಲ್ಲ.