ಲಗ್ನಪತ್ರಿಕಾ ಮೇಲ್ವಿಳಾಸ ಮೀಮಾಂಸೆ

ಮುಹೂರ್ತದ ನಿಶ್ಚಯಕ್ಕೆ ಪಂಚಾಂಗವನ್ನೂ, ಸಪ್ತಪದಿಯ ವಿಧಿಗೆ ಗೃಹ್ಯಸೂತ್ರಗಳನ್ನೂ, ಮದುವೆಯಾಗಿ ಮಕ್ಕಳಾಗಿ ಆ ಮಕ್ಕಳು ಜಗಳವಾಡಿ ಆಸ್ತಿಯನ್ನು ಹಂಚಿಕೊಳ್ಳುವ ಕಾಲಕ್ಕೆ, ನಮ್ಮ ಕಲ್ಯಾಣದಲ್ಲಿಯೇ ಕುಳಿತು ವಿಜ್ಞಾನೇಶ್ವರನು ಬರೆದಿಟ್ಟ ಮಿತಾಕ್ಷರವನ್ನೂ ಪಡೆದಿರುವ ಈ ನಾಡಿನಲ್ಲಿ, ಲಗ್ನಪತ್ರಿಕೆಯ ಲಕೋಟೆಯ ಮೇಲೆ ಯಾರ ಹೆಸರನ್ನು, ಯಾವ ವಿಶೇಷಣದೊಡನೆ, ಎಷ್ಟು ಜನರನ್ನು ಒಳಗೊಳ್ಳುವಂತೆ ಬರೆಯತಕ್ಕದ್ದೆಂಬುದನ್ನು ನಿರ್ಣಯಿಸುವ ಗ್ರಂಥವೊಂದು ಹುಟ್ಟದೆ ಇರುವುದು ಪಂಡಿತವರ್ಗದ ಔದಾಸೀನ್ಯಕ್ಕೆ ಸಾಕ್ಷಿಯಾಗಿದೆ. ಆಸ್ತಿಯ ವ್ಯಾಜ್ಯ ಕೋರ್ಟಿನಲ್ಲಿ ಎಂದಾದರೊಂದು ದಿನ ಮುಗಿಯುತ್ತದೆ. ಲಕೋಟೆಯ ಮೇಲೆ ಹೆಸರು ತಪ್ಪಿದ ವ್ಯಾಜ್ಯ ಮೂರು ತಲೆಮಾರು ನಡೆಯುತ್ತದೆ. ಆದಕಾರಣ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೀಮೆಯ ಶಿಷ್ಟಾಚಾರವನ್ನು ಪ್ರಮಾಣವಾಗಿರಿಸಿಕೊಂಡು, ವಿಶೇಷತಃ ಕೆರೆಕಟ್ಟೆಯನ್ನು ಲಕ್ಷ್ಯವಾಗಿ ಹಿಡಿದು, ಈ ಕಿರುಮೀಮಾಂಸೆಯನ್ನು ಆರಂಭಿಸಲಾಗಿದೆ. ಉದಾಹರಣೆಗೆ ವ್ಯಕ್ತಿಯೊಬ್ಬನು ಬೇಕಾದಾಗ ಪ್ರಾಚೀನ ವೈಯಾಕರಣರು ದೇವದತ್ತನನ್ನು ಕರೆತರುತ್ತಿದ್ದರು. ನಾವೂ ಅವನನ್ನೇ ಕರೆತಂದಿದ್ದೇವೆ, ಏಕೆಂದರೆ ನಿಜವಾದ ಹೆಸರೊಂದನ್ನು ಬರೆದರೆ ಉಳಿದ ನೆಂಟರೆಲ್ಲ ತಮ್ಮನ್ನೇಕೆ ಬಿಟ್ಟಿರೆಂದು ಕೇಳುವರು.

ಪೂರ್ವಪಕ್ಷಿಯು ಹೇಳುತ್ತಾನೆ: ಮೇಲ್ವಿಳಾಸವೆಂಬುದು ಅಂಚೆಯವನಿಗೆ ಮನೆ ತೋರಿಸುವ ಸಾಧನಮಾತ್ರ, 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡ್ ಜಾರಿಗೆ ಬಂದಮೇಲೆ ಅದರಲ್ಲಿ ಮೀಮಾಂಸೆಗೆ ಅವಕಾಶವೇ ಇಲ್ಲ. ಈ ವಾದವು ಬಯಲುಸೀಮೆಯ ಓಣಿಗಳಲ್ಲಿ ಹುಟ್ಟಿದ್ದು, ಘಟ್ಟದ ಅಂಚಿನಲ್ಲಿ ನಿಲ್ಲತಕ್ಕದ್ದಲ್ಲ. ಶೃಂಗೇರಿಯಿಂದ ನೆಮ್ಮಾರಿನ ಮೇಲೆ ಕಾರ್ಕಳದ ಕಡೆಗೆ ಸಾಗುವ ದಾರಿಯಲ್ಲಿ, ಕುದುರೆಮುಖದ ಕಾಡಿನೊಳಗಿರುವ ಕೆರೆಕಟ್ಟೆಯಲ್ಲಿ ಕೇರಿಬೀದಿಗಳಿಲ್ಲ, ಬಾಗಿಲಿಗೆ ಸಂಖ್ಯೆಯ ಗೊಡವೆಯಿಲ್ಲ. ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಗದ್ದೆಬಯಲೋ, ಹಳ್ಳವೋ, ಹಳ್ಳದ ಮೇಲೊಂದು ಕಾಲುಸಂಕವೋ ಇರುತ್ತದೆ. ಅಂಚೆಯವನಿಗೆ ಮನೆ ಮಾತ್ರವಲ್ಲ, ಆ ಮನೆಯ ನಾಯಿಯ ಸ್ವಭಾವವೂ ಗೊತ್ತಿರುವುದರಿಂದ, ವಿಳಾಸವನ್ನು ಅವನಿಗಾಗಿ ಬರೆಯುವುದು ವ್ಯರ್ಥ. ಮೇಲ್ವಿಳಾಸವು ತೋರಿಸತಕ್ಕದ್ದು ಸ್ಥಳವನ್ನಲ್ಲ, ಸ್ಥಾನವನ್ನು; ಇದು ಸಿದ್ಧಾಂತ.

ಸ್ಥಾನವು ವಿಶೇಷಣದಿಂದ ಸಿದ್ಧಿಸುತ್ತದೆ. ವೈದಿಕರಿಗೆ ‘ವೇ|| ಬ್ರ|| ಶ್ರೀ||’ ಎಂದೂ, ತಂದೆಯ ವಯಸ್ಸಿನ ಬಂಧುವಿಗೆ ‘ತೀರ್ಥರೂಪ ಸಮಾನರಾದ’ ಎಂದೂ, ಕಿರಿಯನಿಗೆ ‘ಚಿ||’ ಎಂದೂ, ಘಟ್ಟದ ಕೆಳಗಿನವರಿಗೆ ಮದರಾಸು ಸರ್ಕಾರದ ಕಾಗದಪತ್ರಗಳಿಂದ ಇಳಿದುಬಂದ ‘ಮ|| ರಾ|| ರಾ||’ ಎಂದೂ ಬರೆಯುವ ವಾಡಿಕೆಯಿತ್ತು. ಈ ಜೋಡಿಗೆರೆಗಳ ಹಿಂದೆ ಯಾವ ಅಕ್ಷರಗಳು ಅಡಗಿವೆಯೆಂಬುದು ಬರೆದವನಿಗೂ ಓದಿದವನಿಗೂ ತಿಳಿಯದಿದ್ದರೂ, ಒಂದು ಜೋಡಿ ಕಡಮೆಯಾದದ್ದು ಮಾತ್ರ ಇಬ್ಬರಿಗೂ ತಿಳಿಯುತ್ತಿತ್ತು. ವಿಧವೆಯಾದವಳ ಹೆಸರಿನ ಹಿಂದೆ ‘ಗಂ|| ಭಾ||’ ಎಂದು ಹಚ್ಚಿ, ಅವಳ ದುಃಖವನ್ನು ಅಂಚೆಯ ಮುದ್ರೆಯೊಡನೆ ಊರೂರು ಸುತ್ತಿಸುತ್ತಿದ್ದ ಪದ್ಧತಿಯೊಂದೂ ಇತ್ತು. ಅದು ಅಳಿಯುತ್ತ ಬಂದಿತು, ಒಳ್ಳೆಯದಾಯಿತು. ಈ ಪ್ರಬಂಧದಲ್ಲಿ ನಗೆಗೆ ಎಡೆಯಿಲ್ಲದ ಸಂಗತಿ ಅದೊಂದೇ.

ಹೆಸರನ್ನು ಬರೆದದ್ದಾಯಿತೆಂದು ಲೇಖನಿಯನ್ನು ಕೆಳಗಿಡುವವನು ಈ ಶಾಸ್ತ್ರದಲ್ಲಿ ಇನ್ನೂ ಬಾಲಕ. ‘ಶ್ರೀ ದೇವದತ್ತ ಗೌಡರಿಗೆ’ ಎಂದಷ್ಟೇ ಬರೆದರೆ ದೇವದತ್ತನೊಬ್ಬನೇ ಬರತಕ್ಕದ್ದೆಂದಾಗಿ, ಅವನ ಪತ್ನಿಯು ತವರಿನ ಕಡೆಯವರಿಗೆಲ್ಲ ಈ ಅವಮಾನವನ್ನು ತಿಳಿಸುವಳು. ‘ದಂಪತಿಗಳಿಗೆ’ ಎಂದರೆ ಮಕ್ಕಳು ಹೊರಗುಳಿಯುವರು. ‘ದಂಪತಿಗಳು ಮತ್ತು ಮಕ್ಕಳಿಗೆ’ ಎಂದರೆ ಒಳಕೋಣೆಯಿಂದ ದೇವದತ್ತನ ವೃದ್ಧಮಾತೆಯು, “ನಂದು ಮಕ್ಕಳ ಲೆಕ್ಕವೋ, ಸತ್ತೋರ ಲೆಕ್ಕವೋ?” ಎಂದು ಕೇಳುವಳು, ಈ ಪ್ರಶ್ನೆಗೆ ಯಾವ ಭಾಷ್ಯಕಾರನಲ್ಲಿಯೂ ಉತ್ತರವಿಲ್ಲ. ಆದುದರಿಂದ ‘ಮತ್ತು ಮನೆಯವರೆಲ್ಲರಿಗೂ’ ಎಂಬ ವಿಶಾಲವಾದ ಪಾಠವೇ ಗ್ರಾಹ್ಯ. ಊಟದ ಎಲೆಯ ಲೆಕ್ಕ ತಪ್ಪುವುದೆಂಬ ಆಕ್ಷೇಪವನ್ನು ಅಡುಗೆಯ ಭಟ್ಟರಿಗೆ ಬಿಡತಕ್ಕದ್ದು.

ಮನೆಯೆಂದರೆ ಯಾವುದು ಎಂಬಲ್ಲಿ ಮಹತ್ತರವಾದ ತೊಡಕುಂಟು. ಅದಕ್ಕೆ ನಮ್ಮ ಸೂತ್ರ: ಒಲೆ ಎರಡಾದರೆ ಲಕೋಟೆ ಎರಡು. ಒಂದೇ ಮಾಡಿನ ಕೆಳಗೆ, ಒಂದೇ ಜಗಲಿಯ ಎರಡು ತುದಿಯಲ್ಲಿ ಕುಳಿತು ಎಲೆಯಡಿಕೆ ಹಾಕುವ ಅಣ್ಣತಮ್ಮಂದಿರು ಪಾಲಾಗಿದ್ದರೆ, ಇಬ್ಬರಿಗೂ ಸೇರಿಸಿ ಒಂದೇ ಲಕೋಟೆ ಕಳುಹಿಸುವುದು ಅವರ ಪಾಲುಪಟ್ಟಿಯನ್ನೇ ಧಿಕ್ಕರಿಸಿದಂತೆ. ಪಾಲಿನ ಮಾತು ಇನ್ನೂ ಒಳಗೊಳಗೇ ನಡೆದಿರುವಾಗ ಎರಡು ಲಕೋಟೆ ಹೋದರೆ, ಮುದುಕ ತಂದೆಗೆ ಮನೆ ಒಡೆಯುವ ಸುದ್ದಿ ಮೊದಲು ತಿಳಿಯುವುದು ನಮ್ಮ ಮಗಳ ಮದುವೆಯ ಕಾಗದದಿಂದ. ಆದ್ದರಿಂದ ಬರೆಯುವುದಕ್ಕೆ ಮುನ್ನ, ಅಡಿಕೆ ಸುಲಿಯುವ ಆಳು ಸಿಗುವರೇ ಎಂದು ಕೇಳುವ ನೆವದಲ್ಲಿ ಒಬ್ಬನನ್ನು ಕಳುಹಿಸಿ, ಮಾಡಿನ ಮೇಲೆ ಹೊಗೆ ಎರಡು ಕಡೆ ಏಳುತ್ತಿದೆಯೇ ಎಂದು ನೋಡಿಸತಕ್ಕದ್ದು. ಪರ್ವತದಲ್ಲಿ ಹೊಗೆಯನ್ನು ಕಂಡು ನೈಯಾಯಿಕರು ಬೆಂಕಿಯನ್ನು ಅನುಮಾನಿಸಿದರು. ಮಲೆನಾಡಿನವರು ಅದೇ ಹೊಗೆಯಿಂದ ಪಾಲನ್ನು ಅನುಮಾನಿಸಿದರು. ಗ್ಯಾಸಿನ ಒಲೆ ಬಂದಮೇಲೆ ಈ ಹೇತು ಕೆಟ್ಟುಹೋಗಿ, ತರ್ಕಶಾಸ್ತ್ರಕ್ಕೆ ತುಂಬಲಾರದ ನಷ್ಟವಾಗಿದೆ.

ಕೆರೆಕಟ್ಟೆಯಿಂದ ಮುಂದಕ್ಕೆ ಹೋಗಿ ‘ಎಸ್.ಕೆ. ಬಾರ್ಡರ್’ ದಾಟಿದೊಡನೆ ಈ ಸೂತ್ರಗಳು ಕೆಲಸಕ್ಕೆ ಬರುವುದಿಲ್ಲ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾಗಿ ಮದರಾಸಿನ ಸೌತ್ ಕೆನರಾ ಜಿಲ್ಲೆ ಮೈಸೂರಿಗೆ ಸೇರಿದರೂ ಆ ಎಲ್ಲೆಗೆ ಹಳೆಯ ಹೆಸರೇ ಉಳಿದಿದೆ. ಆಚೆಗಿನ ಬಂಟರಲ್ಲಿಯೂ ಬಿಲ್ಲವರಲ್ಲಿಯೂ ನಡೆದುಬಂದ ಅಳಿಯಸಂತಾನದ ಕಟ್ಟೂ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ. ಅಲ್ಲಿ ಕುಟುಂಬವು ತಾಯಿಯ ಕಡೆಯಿಂದ ಸಾಗಿ, ಯಜಮಾನಿಕೆ ಸೋದರಮಾವನದ್ದಾದ ಕಾರಣ, ತಂದೆಯ ಹೆಸರಿಗೆ ಬರೆದ ಲಕೋಟೆಯು ಆ ಕುಟುಂಬಕ್ಕೆ ಸೇರದವನೊಬ್ಬನ ಕೈಗೆ ಮುಟ್ಟಿದಂತಾಗುತ್ತಿತ್ತು. ಅದೇ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಆಸ್ತಿಯ ಮಾತನ್ನು ತಿದ್ದಿತೇ ಹೊರತು ಲಕೋಟೆಯ ಮಾತನ್ನು ಎತ್ತಲಿಲ್ಲ.

ಯಾರಿಗೆ ಬರೆಯತಕ್ಕದ್ದೆಂಬುದಕ್ಕೆ ಪ್ರಮಾಣಗ್ರಂಥ ಮುಯ್ಯಿಯ ಪುಸ್ತಕ. ಹಿಂದಿನ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಗುರುತುಹಾಕಿದ, ಅಂಚನ್ನು ಒರಲೆ ತಿಂದ ಆ ನೋಟುಪುಸ್ತಕವನ್ನು ಅಟ್ಟದಿಂದ ಇಳಿಸಿ, ಜಗಲಿಯಲ್ಲಿ ಚಾಪೆ ಹಾಸಿ, ಅಕ್ಷರ ದುಂಡಗಿರುವ ಹುಡುಗನ ಕೈಗೆ ಪೆನ್ನು ಕೊಟ್ಟು, ಅರಿಸಿನದ ಬಟ್ಟಲಿನಲ್ಲಿ ಬೆರಳದ್ದಿ ನಾಲ್ಕು ಮೂಲೆಗೂ ಹಚ್ಚುವುದಕ್ಕೆ ಅವನ ತಂಗಿಯನ್ನು ಕೂರಿಸಿ, ಮೊದಲನೆಯದನ್ನು ಶಾರದಾಂಬೆಗೂ, ಎರಡನೆಯದನ್ನು ಕುಲದೇವರಿಗೂ, ಮೂರನೆಯದನ್ನು ಸೋದರಮಾವನಿಗೂ ಬರೆಯತಕ್ಕದ್ದು. ಕ್ರಮ ತಪ್ಪಿದರೆ ಮೊದಲಿನ ಇಬ್ಬರು ಕ್ಷಮಿಸುತ್ತಾರೆ.

ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ನಂತರದ ವರ್ಷಗಳಲ್ಲಿ ಕಾಡಿನೊಳಗಿನ ಹಲವು ಮನೆಗಳವರು ಪರಿಹಾರ ಪಡೆದು ಹೊರಕ್ಕೆ ಹೋದರು. ದೇವದತ್ತನೂ ಹಾಗೆ ಹೋಗಿ ಕೊಪ್ಪದ ಪೇಟೆಯಲ್ಲಿ ನೆಲಸಿದ್ದರೆ ಏನು ಬರೆಯತಕ್ಕದ್ದು? ‘ಕೆರೆಕಟ್ಟೆ ದೇವದತ್ತ ಗೌಡರಿಗೆ’ ಎಂದೇ ದಪ್ಪಕ್ಷರದಲ್ಲಿ ಬರೆದು, ಪೇಟೆಯ ವಿಳಾಸವನ್ನು ಕೆಳಗೆ ಸಣ್ಣದಾಗಿ ಸೇರಿಸತಕ್ಕದ್ದು. ಮನೆಗೂ ತೋಟಕ್ಕೂ ಬೆಲೆ ಕಟ್ಟಿದ ಅಧಿಕಾರಿಗಳು ಹೆಸರಿನ ಹಿಂದಿನ ಊರಿಗೆ ಬೆಲೆ ಕಟ್ಟಿರಲಿಲ್ಲವಾದ್ದರಿಂದ, ಅದು ಈಗಲೂ ಅವನದೇ.

ರವಾನೆಯ ವಿಚಾರ ಸ್ವಲ್ಪದರಲ್ಲಿ ಮುಗಿಯುತ್ತದೆ. ಲಕೋಟೆಯ ಬಾಯನ್ನು ಅಂಟಿಸದೆ ಒಳಕ್ಕೆ ಮಡಚಿ ‘ಬುಕ್ ಪೋಸ್ಟ್’ ಎಂದು ಬರೆದರೆ ಅಂಚೆಯ ವೆಚ್ಚ ಕಡಮೆಯಾಗುತ್ತಿತ್ತು. ಕೆಲಸಗಾರರೇ ಕೂಡಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋಗುವವರೆಗೆ, ಕಂಡಕ್ಟರನ ಕೈಗೆ ಕೊಟ್ಟು ಇಂಥ ಅಂಗಡಿಯಲ್ಲಿ ಇಳಿಸಿರೆಂದರೆ ಆ ವೆಚ್ಚವೂ ಇರುತ್ತಿರಲಿಲ್ಲ. ವಾಟ್ಸಾಪಿನಲ್ಲಿ ಬರುವ ಪತ್ರಿಕೆಗೆ ಮೇಲ್ವಿಳಾಸವೇ ಇಲ್ಲದ್ದರಿಂದ ಅದು ಈ ಶಾಸ್ತ್ರದ ವ್ಯಾಪ್ತಿಗೆ ಬಾರದು. ಮೇಲಾಗಿ ಅದನ್ನು ನೋಡಬೇಕಾದರೆ ಸಿಗ್ನಲ್ಲು ಸಿಗುವ ದಿಬ್ಬವನ್ನು ಹತ್ತಬೇಕು. ಇಷ್ಟೆಲ್ಲ ತೊಡಕು ಬೇಡವೆನ್ನುವವರಿಗೆ, ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹಕ್ರಮವನ್ನು ತೋರಿಸಿಕೊಟ್ಟಿದ್ದಾರೆ. ಅದನ್ನು ಅನುಸರಿಸಿ ವಾಲಗವನ್ನು ಬಿಟ್ಟವರುಂಟು, ಪುರೋಹಿತರನ್ನು ಬಿಟ್ಟವರುಂಟು. ನೆಂಟರ ಪಟ್ಟಿಯನ್ನು ಬಿಟ್ಟವರನ್ನು ನಾವು ಕಾಣೆವು.

ಅಂಚೆ, ಬಸ್ಸು ಎರಡಕ್ಕೂ ಒಂದು ಮಹಾದೋಷವುಂಟು. ಮದುವೆಗೆ ಬಾರದ ದೇವದತ್ತನು ಮುಂದೆಂದೋ ಸಂತೆಯಲ್ಲಿ ಸಿಕ್ಕಿದಾಗ, “ಕಾಗ್ದ ಏನೋ ಬಂದಿತ್ತು ಮಾರಾಯ್ರೆ, ಆದ್ರೆ ಯಾರೂ ಬಂದು ಹೇಳ್ಲಿಲ್ಲ” ಎನ್ನುತ್ತಾನೆ. ‘ಇದನ್ನೇ ಖುದ್ದು ಕರೆಯೆಂದು ಭಾವಿಸಬೇಕಾಗಿ’ ಪತ್ರಿಕೆಯ ಬುಡದಲ್ಲಿ ಅಚ್ಚುಹಾಕಿಸುವ ವಿನಂತಿಯು ನಿಷ್ಫಲ. ಹಾಗೆ ಭಾವಿಸಿದವನು ಈ ಸೀಮೆಯಲ್ಲಿ ಇನ್ನೂ ಹುಟ್ಟಬೇಕಾಗಿದೆ. ಆದ್ದರಿಂದ ನಿರ್ಣಯವಿಷ್ಟು: ಲಕೋಟೆಯನ್ನು ಮೇಲಿನ ವಿಧಿಗಳಂತೆ ಬರೆದು, ಅದನ್ನು ಅಂಚೆಗೆ ಹಾಕದೆ ಕೈಚೀಲದಲ್ಲಿ ಹಾಕಿಕೊಂಡು, ಕಾಲುಸಂಕ ದಾಟಿ ಹೋಗಿ, ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲನೀರನ್ನು ಕುಡಿದು, ಮನೆಯ ಹಿರಿಯರ ಕೈಯಲ್ಲಿಯೇ ಕೊಡತಕ್ಕದ್ದು. ಅವರು ಕನ್ನಡಕ ಹಾಕಿಕೊಂಡು ಮೇಲ್ವಿಳಾಸವನ್ನು ಎರಡು ಸಲ ಓದುತ್ತಾರೆ, ಒಳಗಿನ ಪತ್ರಿಕೆಯನ್ನು ತೆಗೆಯದೆ ಲಕೋಟೆಯನ್ನು ತೊಲೆಯ ಸಂದಿಗೆ ಸಿಕ್ಕಿಸಿ, “ಮದುವೆ ಯಾವತ್ತು?” ಎಂದು ಬಾಯಲ್ಲಿಯೇ ಕೇಳುತ್ತಾರೆ.