ನಾಲ್ಕು ತಾಲ್ಲೂಕುಗಳ ಅಲಂಕಾರ ದೀಪಗಳು: ಒಂದು ತೌಲನಿಕ ಮೀಮಾಂಸೆ

ಅಲಂಕಾರ ದೀಪವೆಂದರೆ, ಅದನ್ನು ಹೊತ್ತಿಸಿದ ಮೇಲೂ ಪತ್ರಿಕೆ ಓದಲು ಇನ್ನೊಂದು ದೀಪ ಹಾಕಲೇಬೇಕಾದಂಥ ದೀಪ. ಈ ಲಕ್ಷಣವನ್ನು ಒಪ್ಪಿದರೆ, 2007ರಲ್ಲಿ ಒಂದು ಜಿಲ್ಲೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಬೋರ್ಡು ಹಾಕಿಸಿಕೊಂಡ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮೂರು ದೀಪಪಂಥಗಳು ಕಾಣಸಿಗುತ್ತವೆ. ನಾಲ್ಕು ತಾಲ್ಲೂಕಿಗೆ ಮೂರೇ ಪಂಥವೇ ಎಂಬ ಆಕ್ಷೇಪಕ್ಕೆ, ಮಾಗಡಿಯು ಮೂರನ್ನೂ ಒಂದೇ ಹಜಾರದಲ್ಲಿ ತೂಗುಹಾಕಿ ಸಮನ್ವಯ ಸಾಧಿಸಿದೆಯೆಂಬುದೇ ಸಮಾಧಾನ.

ಮೊದಲನೆಯದು ರಾಮನಗರದ ಸೀರಿಯಲ್ ಸೆಟ್ ಪಂಥ. ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿ, ಮನೆಗೆ ಬರುವ 230 ವೋಲ್ಟನ್ನು ಅವೆಲ್ಲ ಹಂಚಿಕೊಳ್ಳುವಂತೆ ಮಾಡಿದ ಮಾಲೆಗೆ ಈ ಹೆಸರು. ಅವಿಭಕ್ತ ಕುಟುಂಬದಲ್ಲಿ ಆಗುವಂತೆಯೇ ಇಲ್ಲಿಯೂ ಒಂದು ಬಲ್ಬು ಮುನಿಸಿಕೊಂಡರೆ ಎಲ್ಲೆಡೆ ಕತ್ತಲು, ಮುನಿಸಿಕೊಂಡದ್ದು ಯಾವುದೆಂದು ಯಾವ ಬಲ್ಬೂ ಬಾಯಿಬಿಡದು. ಗೃಹಪ್ರವೇಶಕ್ಕೆ ಕಟ್ಟಿದ ಮಾಲೆಯನ್ನು ಬಿಚ್ಚುವ ಕಾಲದ ಬಗ್ಗೆ ಪಂಡಿತರಲ್ಲಿ ಭಿನ್ನಮತವಿದ್ದು, ಮೊಮ್ಮಗನ ನಾಮಕರಣದವರೆಗೆ ಇರಲೆಂಬ ಪಕ್ಷವೇ ಪ್ರಬಲವಾಗಿದೆ. ರೇಷ್ಮೆಹುಳುವಿಗೆ ಕಡುಬೆಳಕು ಒಗ್ಗದಾದ್ದರಿಂದ ಇಲ್ಲಿನ ರೇಷ್ಮೆ ಬೆಳೆಗಾರನು ಹುಳುಮನೆಯನ್ನು ಮಬ್ಬಾಗಿಟ್ಟು, ಗೂಡು ಮಾರಿದ ದುಡ್ಡಿನಲ್ಲಿ ಕಟ್ಟಿಸಿದ ಮನೆಯ ಮುಂದೆ ಮಾತ್ರ ಹುಳು ಕಂಡರೆ ಮೇವು ಬಿಡುವಷ್ಟು ಝಗಮಗಿಸುವುದು ಈ ಪಂಥದ ಮುಖ್ಯ ವಿರೋಧಾಭಾಸ.

ಕನಕಪುರದ್ದು ಜೀರೋ ಬಲ್ಬ್ ಪಂಥ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟಾಗ, ಆಗಿನ ಕಾನಕಾನಹಳ್ಳಿಯ ಸೀಮೆಯನ್ನು ಅಲ್ಲಿನ ಕತ್ತಲೆಗೆ ತೊಂದರೆಯಾಗದಂತೆ ದಾಟಿಹೋಯಿತು. ಈ ಮಿತಬೆಳಕಿನ ಸಂಸ್ಕಾರವೇ ಜೀರೋ ಬಲ್ಬಿನಲ್ಲಿ ಮುಂದುವರಿದಿದೆಯೆಂದು ಊಹಿಸಲು ಯಾವ ಆಧಾರವೂ ಇಲ್ಲದಿದ್ದರೂ ಪ್ರಬಂಧಕ್ಕೆ ಅದು ಅಗತ್ಯ. ಈ ಶೂನ್ಯವು 12ರಿಂದ 15 ವಾಟ್ ನುಂಗುತ್ತದೆ. ಹಳೆಯ ಮೀಟರುಗಳು ಅಷ್ಟು ಸಣ್ಣ ಬಳಕೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲವಾದ್ದರಿಂದ ಈ ಹೆಸರು. ಶರಣರ ಶೂನ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಚನ್ನಪಟ್ಟಣದ ಅರಗಿನ ಪಂಥದ ಮಾತೇ ಬೇರೆ. ಹಗುರವಾದ ಹಾಲೆಮರವನ್ನು ಚರಕಿಗೆ, ಅಂದರೆ ಕಡೆಯುವ ಯಂತ್ರಕ್ಕೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತೀಡಿ ಹೊಳಪು ತಂದರೆ ದೀಪದ ಒಡಲು ಸಿದ್ಧ. ಕರೆಂಟು ಹೋದ ಮೇಲೂ ಅಲಂಕಾರವಾಗಿ ಉಳಿಯುವ ದೀಪ ಇದೊಂದೇ ಆದ್ದರಿಂದ ಪ್ರಥಮ ಸ್ಥಾನ ಇದಕ್ಕೇ ಸಲ್ಲತಕ್ಕದ್ದು. ಬಿಸಿಗೆ ಹತ್ತಿದ ಅರಗು ಬಿಸಿಗೇ ಮೆತ್ತಗಾಗುವುದರಿಂದ, ಕೊಂಡವರು ಅದಕ್ಕೆ ಹಳೆಯ ತಂತಿಯ ಬಲ್ಬನ್ನು ಬಿಟ್ಟು ಎಲ್‌ಇಡಿಯನ್ನೇ ಹಾಕಬೇಕಾಗಿ ವಿನಂತಿ.