ಸೆಕೆಂಡಿಗೆ 20 ಕಳ್ಳಿಪೀರ

ಊರ್ಡಿಗೆರೆ ಕಡೆ ಹೊಲದ ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಅದರ ಮೇಲೆ ಮೊಳದುದ್ದದ ಲೆನ್ಸ್ ಕೂರಿಸಿ, ಒಂದು ಕಣ್ಣು ಮುಚ್ಚಿಕೊಂಡು ನಿಂತವನನ್ನು ಯಾರೂ ಹಕ್ಕಿ ಫೋಟೋದವನು ಅಂದುಕೊಳ್ಳುವುದಿಲ್ಲ. ಸರ್ವೆಯವನು ಅಂದುಕೊಳ್ಳುತ್ತಾರೆ. ಬೆಂಗಳೂರು ದಾಬಸ್‌ಪೇಟೆ ದಾಟಿ ಇತ್ತ ಕೈಚಾಚಿದ ಮೇಲಂತೂ ಸ್ಟ್ಯಾಂಡ್ ಕಂಡರೆ ಸಾಕು, ಎದೆ ಧಸಕ್ಕೆನ್ನುತ್ತದೆ. “ಯಾವ ಸರ್ವೆ ನಂಬ್ರು ಸಾಮಿ? ರೋಡಾ, ಫ್ಯಾಕ್ಟ್ರಿನಾ?” ಹಕ್ಕಿ ಫೋಟೋ ಅಂದರೆ ನಗುತ್ತಾರೆ, ನಂಬುವುದಿಲ್ಲ. ಅವತ್ತು ಒಬ್ಬ ಅಜ್ಜ, “ಅದೆಲ್ಲ ಇರ್ಲಿ, ನಮ್ದು ಪೋಡಿ ಯಾವಾಗ ಮಾಡ್ಕೊಡ್ತೀರಿ?” ಎಂದು ಬದುವಿನ ಮೇಲೆ ನನ್ನ ಪಕ್ಕದಲ್ಲೇ ಕೂತುಬಿಟ್ಟರು.

ನನ್ನ ಕ್ಯಾಮೆರಾ ಗುಂಡಿ ಒತ್ತಿ ಹಿಡಿದರೆ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದದ್ದು ರೀಲಿನ ಕಾಲದಲ್ಲಿ. ಒಂದು ರೀಲಿಗೆ 36 ಚಿತ್ರ. ನಾನು ಅಷ್ಟನ್ನು ಎರಡು ಸೆಕೆಂಡ್ ತುಂಬುವ ಮೊದಲೇ ಮುಗಿಸುತ್ತೇನೆ. ಆ ಕಾಲದವರು ಯೋಚಿಸಿ ತೆಗೆಯುತ್ತಿದ್ದರು. ನಾನು ತೆಗೆದು, ಮನೆಗೆ ಬಂದು ಯೋಚಿಸುತ್ತೇನೆ. ನನ್ನ ಸಂಗ್ರಹದಲ್ಲಿ ಅಳಿಲುಗಳು ಬಾಲದ ರೂಪದಲ್ಲಿವೆ, ಸೂರಕ್ಕಿಗಳು ಅಲ್ಲಾಡುತ್ತಿರುವ ಕೊಂಬೆಯ ರೂಪದಲ್ಲಿವೆ. ಓತಿಕ್ಯಾತ ಒಂದೇ ಪೂರ್ತಿ ಸಿಕ್ಕಿರುವುದು, ಅದೂ ಮಸುಕಾಗಿ.

ಕಳ್ಳಿಪೀರ ಮಾತ್ರ ಸಂಭಾವಿತ ಹಕ್ಕಿ. ತಂತಿಯ ಮೇಲಿಂದ ಹಾರಿ, ಗಾಳಿಯಲ್ಲೇ ಹುಳ ಹಿಡಿದು, ಬಹುತೇಕ ಅದೇ ತಂತಿಗೆ ವಾಪಸು ಬರುತ್ತದೆ. ಸಿಕ್ಕಿದ್ದು ಜೇನಾದರೆ ತಂತಿಗೆ ಬಡಿದು, ಉಜ್ಜಿ, ಮುಳ್ಳಿನ ಕಾಟ ಕಳೆದೇ ತಿನ್ನುತ್ತದೆ. ಒಮ್ಮೊಮ್ಮೆ ನುಂಗುವ ಮುಂಚೆ ಬೇಟೆಯನ್ನು ಮೇಲಕ್ಕೆ ಚಿಮ್ಮಿ ಕೊಕ್ಕಿನಲ್ಲಿ ಹಿಡಿಯುವುದೂ ಉಂಟು. ಮೇಲೆ ಹುಳ, ಕೆಳಗೆ ತೆರೆದ ಕೊಕ್ಕು, ನಡುವೆ ಬೆರಳಗಲದ ಆಕಾಶ. ನನಗೆ ಬೇಕಾದದ್ದು ಆ ಬೆರಳಗಲ.

ಬಂತು. ಕೊಕ್ಕಿನಲ್ಲಿ ಕೆಂಪು ಏರೋಪ್ಲೇನ್ ಚಿಟ್ಟೆ. ಗುಂಡಿ ಒತ್ತಿ ಹಿಡಿದೆ. ಹಕ್ಕಿ ಎಡಕ್ಕೆ ನೋಡಿತು, ತೆಗೆದೆ. ಬಲಕ್ಕೆ ನೋಡಿತು, ತೆಗೆದೆ. ಏನೂ ಮಾಡದೆ ಸುಮ್ಮನೆ ಕೂತಿತು; ಅದನ್ನಂತೂ ಧಾರಾಳವಾಗಿ ತೆಗೆದೆ. ಚಿಟ್ಟೆಯನ್ನು ತಂತಿಗೆ ಬಡಿಯಿತು. ಅಜ್ಜ ವೀಕ್ಷಕ ವಿವರಣೆ ಶುರು ಮಾಡಿದರು: “ಬಡೀತಾ ಐತೆ... ಇನ್ನೊಂದ್ಸಲ ಬಡೀತು.” ಅಷ್ಟರಲ್ಲಿ ಕ್ಯಾಮೆರಾ ನಿಂತಿತು. ಪರದೆಯ ಮೂಲೆಯಲ್ಲಿ ‘ಬಿಜಿ’ ಎಂದು ಬಂತು.

ಒಂದು ಚಿತ್ರ 25 ಎಂಬಿ ಅಂದರೂ ಸೆಕೆಂಡಿಗೆ 500 ಎಂಬಿ ಆಯಿತು. ನನ್ನ ಕಾರ್ಡಿಗೆ ಅಷ್ಟು ಬೇಗ ಬರೆದುಕೊಳ್ಳುವ ತಾಕತ್ತಿಲ್ಲ. ಬೀಗರೂಟದಲ್ಲಿ ಬಡಿಸುವವರು ಮುದ್ದೆ ಮೇಲೆ ಮುದ್ದೆ ಹಾಕುತ್ತಲೇ ಹೋದಾಗ ಉಣ್ಣುವವನು ಎಲೆಗೆ ಕೈ ಅಡ್ಡ ಹಿಡಿಯುತ್ತಾನಲ್ಲ, ಅದೇ ಸ್ಥಿತಿ. ನಾನು ಗುಂಡಿಯನ್ನು ಒತ್ತಿದೆ, ಕುಟ್ಟಿದೆ, ಕೊನೆಗೆ ಬೇಡಿಕೊಂಡೆ. ಹಕ್ಕಿ ಕಾಯುತ್ತಿತ್ತು. ಅದು ಹುಳದ ತಲೆ ಯಾವ ಕಡೆ ಅಂತ ಹಿಡಿತ ಸರಿಮಾಡಿಕೊಳ್ಳುವುದು ಎಂದು ತಿಳಿದವರು ಹೇಳಿಯಾರು. ಅಲ್ಲ, ಕಾಯುತ್ತಿತ್ತು. ನನ್ನ ಕಡೆ ತಿರುಗಿ, ಬಿಸಿಲಿಗೆ ಎದೆ ಕೊಟ್ಟು, ‘ಆಯ್ತಾ?’ ಎಂಬಂತೆ ಕತ್ತು ಓರೆ ಮಾಡಿತು. ಆಗಿರಲಿಲ್ಲ. ಚಿಮ್ಮಿತು. ಬೆರಳಗಲ ಎಲ್ಲಿ ಬಂತು, ಗೇಣಗಲದ ಆಕಾಶ! ಕಳಚಿದ ಒಂದು ರೆಕ್ಕೆ ತಿರುತಿರುಗಿ ಇಳಿದು ರಾಗಿ ತೆನೆಗೆ ಸಿಕ್ಕಿಕೊಂಡಿತು. ಹಕ್ಕಿ ನುಂಗಿ, ಕೊಕ್ಕನ್ನು ತಂತಿಗೆ ಆ ಕಡೆ ಈ ಕಡೆ ಒರೆಸಿಕೊಂಡಿತು. ಅಷ್ಟು ಹೊತ್ತಿಗೆ ಕ್ಯಾಮೆರಾಗೆ ಜೀವ ಬಂದು, ಬಾಯಿ ಒರೆಸಿಕೊಂಡದ್ದನ್ನು ಒಂದೂ ಬಿಡದೆ ತೆಗೆಯಿತು.

ಅಜ್ಜ ಕೇಳಿದರು: “ಅಳತೆ ಸಿಕ್ತಾ ಸಾಮಿ?”

ರಾತ್ರಿ ಮನೆಯಲ್ಲಿ ಅಳಿಸುವ ಕೆಲಸ. ಇದು ನನ್ನೊಬ್ಬನ ಹುಚ್ಚಲ್ಲ ಎಂದು ನನ್ನಾಕೆಗೆ ತಿಳಿಸಿದೆ. 1882ರಲ್ಲೇ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಎಂಬ ವಿಜ್ಞಾನಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ, ಸೆಕೆಂಡಿಗೆ 12ರಂತೆ ಹಾರುವ ಹಕ್ಕಿಗಳ ಚಿತ್ರ ತೆಗೆದಿದ್ದ.

“ಅವರಿಗೆ ಸಿಕ್ತಾ?”

“ಸಿಕ್ತು.”

“ಹನ್ನೆರಡಕ್ಕೇ?”

ಆಗ ಲೆಕ್ಕದ ಮೊರೆಹೋದೆ. ನನ್ನ ಶಟರ್ ಒಂದೊಂದು ಸಲಕ್ಕೂ ತೆರೆಯುವುದು ಸೆಕೆಂಡಿನ 4000ದಲ್ಲಿ ಒಂದು ಪಾಲು. 20 ಸಲ ತೆರೆದರೂ ಕ್ಯಾಮೆರಾ ಕಂಡದ್ದು ಸೆಕೆಂಡಿನ 200ರಲ್ಲಿ ಒಂದು ಪಾಲು ಮಾತ್ರ. ಉಳಿದ 199 ಪಾಲು ಅದು ಕಣ್ಣು ಮುಚ್ಚಿಕೊಂಡೇ ಇರುತ್ತದೆ, ಹಕ್ಕಿ ಸಂಸಾರ ಮಾಡುವುದು ಆ 199ರಲ್ಲೇ. ಈ ಲೆಕ್ಕ ಸಿಕ್ಕ ಮೇಲೆ ನನಗೆ ಚೆನ್ನಾಗಿ ನಿದ್ದೆ ಬರುತ್ತಿದೆ.

ಎಲ್ಲರಿಗೂ ಬರುವುದಿಲ್ಲ. ದೇವರಾಯನದುರ್ಗದ ಬಂಡೆಗಳ ಕಡೆ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಕುರುಚಲು ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ, ಅಪಾಯದ ಪಟ್ಟಿ ಸೇರಿರುವ ಹಕ್ಕಿ. ಅದಕ್ಕಾಗಿ ಬರುವ ಕೆಲವು ಮಹಾನುಭಾವರ ಜೇಬಿನಲ್ಲಿ ಸ್ಪೀಕರ್ ಇರುತ್ತದೆ. ಪಿಕಳಾರದ ದನಿಯನ್ನೇ ಪಿಕಳಾರಕ್ಕೆ ಕೇಳಿಸುತ್ತಾರೆ. ತನ್ನ ಜಾಗಕ್ಕೆ ಯಾರೋ ನುಗ್ಗಿದರೆಂದು ಅದು ಮರಿಗೆ ಗುಟುಕು ಕೊಡುವುದನ್ನೂ ಬಿಟ್ಟು ಎದುರಿಗೆ ಬರುತ್ತದೆ. ‘ಏನು ಪೋಸ್ ಕೊಟ್ಟಿತು’ ಎಂದು ಇವರು ಹಿಗ್ಗುತ್ತಾರೆ. ಅದು ಫೋಟೋಗೆ ನಿಂತದ್ದಲ್ಲ ಸ್ವಾಮಿ, ಜಗಳಕ್ಕೆ ನಿಂತದ್ದು. ಹೋಗಲಿ, ಇವರು ಸಂಜೆಗೆ ಮನೆಗೆ ಹೋಗುತ್ತಾರೆ. ಗುಡ್ಡವನ್ನೇ ಜಲ್ಲಿ ಮಾಡಿ ಲಾರಿಗೆ ತುಂಬುವವರು ಹೋಗುವುದಿಲ್ಲ. ಬಂಡೆ ಹೋದ ಮೇಲೆ ಆ ಪಿಕಳಾರ ಯಾರ ಮೇಲೆ ಜಗಳಕ್ಕೆ ಬರಬೇಕು? ಸ್ಟ್ಯಾಂಡ್ ಹಿಡಿದವನನ್ನು ಕಂಡರೆ ಜನ ಪಹಣಿ ನೆನೆಸಿಕೊಳ್ಳುವುದೂ ಸುಮ್ಮನಲ್ಲ.

ಈಗ ಇನ್ನೊಂದು ಬಗೆಯ ಕ್ಯಾಮೆರಾ ಬಂದಿದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ ಸಾಕು, ಪೂರ್ತಿ ಒತ್ತುವ ಮುಂಚಿನ ಅರ್ಧ ಸೆಕೆಂಡಿನಲ್ಲಿ ನಡೆದದ್ದನ್ನೂ ತೆಗೆದಿಟ್ಟಿರುತ್ತದೆ. ಕಂತಿನಲ್ಲೂ ಸಿಗುತ್ತದಂತೆ. ಸಮಯ ನೋಡಿ ವಿಷಯ ಎತ್ತಿದೆ. ನನ್ನಾಕೆ ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿಸಿಕೊಂಡಳು.

“ಅಂದ್ರೆ, ನೀವು ಒತ್ತೋಕೆ ಮುಂಚೆನೇ ಅದು ತೆಗೆದಿರುತ್ತೆ?”

“ಹೂಂ.”

“ಹಂಗಾದ್ರೆ ನೀವ್ಯಾಕ್ರೀ ಬಸ್ ಚಾರ್ಜ್ ದಂಡ ಮಾಡ್ಕೊಂಡು ಹೋಗ್ಬೇಕು? ನನ್ ಕೈಗೆ ಕೊಡಿ. ನಂಗೆ ಫ್ರೀ.”